ಊರಹೆಸರಿನ ಗುಟ್ಟು ಹಳೇ ಪಾಲುಪಟ್ಟಿಯಲ್ಲಿ

ಕಾಸರಗೋಡಿನ ಊರಹೆಸರುಗಳನ್ನು ಜಮೀನಿನ ಪತ್ರ ಹಿಡಿದು ಬಿಡಿಸುತ್ತೇನೆ ಅಂದಾಗ ಜೊತೆಗಿದ್ದವರೇ ನಂಬಲಿಲ್ಲ. "ಅದರಲ್ಲಿ ಗೇಣಿ ಲೆಕ್ಕ ಬಿಟ್ಟು ಇನ್ನೇನಿರುತ್ತದೆ ಮಾರಾಯ್ರೆ?" ಅಂದರು. ಈಗ ಅವರೇ ನನ್ನ ಪಟ್ಟಿ ಕೇಳುತ್ತಿದ್ದಾರೆ.

ಮೊದಲು ಸ್ಥಳಪುರಾಣದ ಹಿಂದೆ ಹೋದೆ. ಮಧೂರಿಗೆ ಮದರು ಎಂಬ ಹೆಂಗಸಿನ ಕಥೆ ಇದೆ, ಚಂದದ ಕಥೆ. ಆದರೆ ಗದ್ದೆ, ಗುಡ್ಡದ ಹೆಸರಿಗೆ ಕಥೆ ಎಲ್ಲಿಂದ ತರುವುದು? ಕೇಳಿದಲ್ಲೆಲ್ಲ ಪಾಂಡವರೇ ಬಂದು ಹೋಗಿದ್ದರು! ಆಮೇಲೆ ಮೂರು ಸಾವಿರದಷ್ಟು ಸುರಿದು ನಕ್ಷೆ ಪ್ರಿಂಟ್ ಹಾಕಿಸಿದೆ. ಹೆಸರೆಲ್ಲ ಇಂಗ್ಲಿಷಿನಲ್ಲಿ. ಪಳ್ಳವೋ (ನೀರು ನಿಲ್ಲುವ ತಗ್ಗು) ಪಲ್ಲವೋ ತಿಳಿಯುವುದಿಲ್ಲ. ಆ ದುಡ್ಡು ನೀರಿಗೆ ಹೋಯಿತು.

ದಾರಿ ಸಿಕ್ಕಿದ್ದು 1956ಕ್ಕಿಂತ ಹಿಂದಿನ, ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗಿನ ಕನ್ನಡ ಪತ್ರಗಳಲ್ಲಿ. ಪಾಲುಪಟ್ಟಿ (ಆಸ್ತಿ ಹಂಚಿಕೊಂಡ ಪತ್ರ), ಮೂಲಗೇಣಿ (ಕಾಯಂ ಗೇಣಿ) ಚೀಟಿಗಳಲ್ಲಿ ತುಂಡು ಜಾಗಕ್ಕೂ ಹೆಸರಿದೆ, ಪಕ್ಕದಲ್ಲೇ ನಂಜ (ಗದ್ದೆ), ಪುಂಜ (ಒಣ ನೆಲ), ಬಾಗಾಯ್ತು (ತೋಟ) ಅಂತ ಬರೆದಿದೆ. ಏಳೆಂಟು ನೂರು ಹೆಸರುಗಳನ್ನು ಕೊನೆಯ ಪದ ನೋಡಿ ವಿಂಗಡಿಸಿದೆ. ಬೈಲು, ಮಜಲು, ಬೆಟ್ಟು ಹೆಚ್ಚುಕಡಿಮೆ ಎಲ್ಲವೂ ನಂಜದಲ್ಲೇ ಬಿದ್ದವು. ಬೆಟ್ಟು ಅಂದರೆ ಗುಡ್ಡ ಅಂತ ವಾದಿಸುತ್ತಿದ್ದವರು ಸುಮ್ಮನಾದರು. ಅದು ಮಳೆನೀರನ್ನೇ ನಂಬಿದ ಎತ್ತರದ ಗದ್ದೆ, ಮಳೆಗಾಲದ ಏಣೆಲು ಬೆಳೆ ಬಿಟ್ಟರೆ ಮತ್ತೊಂದಿಲ್ಲ. ಅಡ್ಕ, ಪದವು (ಗುಡ್ಡದ ಮೇಲಿನ ಬಯಲು) ಪುಂಜಕ್ಕೆ ಹೋದವು.

ಬದಿಯಡ್ಕ, ಕಾರಡ್ಕ, ಬೇಡಡ್ಕ, ಮೂರರಲ್ಲೂ ಅಡ್ಕ, ಅಂದರೆ ಮುರಕಲ್ಲಿನ (ಜಂಬಿಟ್ಟಿಗೆ) ಬೋಳು ನೆಲ, ಹೆಸರಿನಲ್ಲೇ ಕೂತಿದೆ. ಹೊಸದುರ್ಗವನ್ನು ಮಲಯಾಳದಲ್ಲಿ ಪುದಿಯಕೋಟ (ಹೊಸ ಕೋಟೆ) ಅಂದರೆ ಅರ್ಥವಾದರೂ ಉಳಿಯುತ್ತದೆ. ಬೇಡಡ್ಕ ಬೇಡಗಂ ಆದರೆ ಅಡ್ಕವೇ ಹೋಯಿತು, ಅಲ್ವಾ? ನನಗೆ ಹೊಟ್ಟೆ ಉರಿಯುವುದು ಅಲ್ಲೇ.

ನಡುವೆ ಇನ್ನೊಂದು ಹುಚ್ಚು ಹಿಡಿಯಿತು. ಪಳ್ಳ ಅಂತ ಹೆಸರಿರುವ ಜಾಗಗಳಿಗೆ ಜೋರು ಮಳೆಯ ಆಟಿ ತಿಂಗಳಲ್ಲೇ ಹೋಗಿ ನೋಡಿದೆ. ಮಣ್ಣು ತುಂಬಿಸಿ ಮನೆ ಕಟ್ಟಿದ ಕಡೆಯೂ ಅಂಗಳದಲ್ಲಿ ನೀರು. ಕಾಸರಕ ಮರಗಳನ್ನೂ ಗುರುತು ಹಾಕಿದೆ. ತುಳುವಿನಲ್ಲಿ ಕಾಯೆರ್, ಮಲಯಾಳದಲ್ಲಿ ಕಾಞಿರ. ಕಾಸರಗೋಡಿಗೆ ಕಾಸಾರ, ಅಂದರೆ ಕೆರೆ, ಮೂಲ ಅನ್ನುವವರಿದ್ದಾರೆ. ನನ್ನ ಓಟು ಮರಕ್ಕೆ.

ಆಟೋ, ಜೆರಾಕ್ಸ್, ಹಳೇ ಮೋಡಿ ಅಕ್ಷರ ಓದಿಸಿದ್ದು ಸೇರಿ ಹದಿನೈದು ಸಾವಿರದ ಆಸುಪಾಸು ಖರ್ಚಾಗಿರಬೇಕು. ದುಡ್ಡಿಗಿಂತ ಕಷ್ಟ ಅಟ್ಟದ ಪೆಟ್ಟಿಗೆ ಕೆಳಗಿಳಿಸುವುದು. ಪತ್ರ ಅಂದ ಕೂಡಲೇ ಜಾಗದ ತಕರಾರಿನವನೋ ಅಂತ ಮನೆಯವರಿಗೆ ಅನುಮಾನ. ಅಲ್ಲಿ ಅಜ್ಜಿಯರ ಹತ್ತಿರ ಮೊದಲು ಏನು ಕೇಳುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಪೈವಳಿಕೆ ಕಡೆಯ ಮನೆಗಳು ಇನ್ನೂ ಬಾಕಿ ಇವೆ.