ಅಜ್ಜಿಯ ಲೆಕ್ಕದ ಪುಸ್ತಕ ಓದುವುದು ಹೇಗೆ?

ನಮ್ಮ ಕಡೆಯ ಯಾವುದೇ ಹಳೆ ಮನೆಯ ಅಟ್ಟ ಹತ್ತಿ ನೋಡಿ, ಒಂದು ತಗಡಿನ ಟ್ರಂಕ್ ಇದ್ದೇ ಇರುತ್ತದೆ. ಅದರೊಳಗೆ ಭೂಮಿಯ ಕಾಗದ, ಒಂದಷ್ಟು ಪೋಸ್ಟ್ ಕಾರ್ಡು, ಮತ್ತೆ ಅದೃಷ್ಟ ಇದ್ದರೆ ಮನೆಖರ್ಚಿನ ಲೆಕ್ಕದ ಪುಸ್ತಕ. ಉಡುಪಿ ಕಡೆಯ ಕಾಪು ಹತ್ತಿರದ ನಮ್ಮ ಅಜ್ಜಿಮನೆಯಲ್ಲಿ ಅಂಥ ಮೂರು ಪುಸ್ತಕ ಸಿಕ್ಕಿತು. ಮೊದಲ ಪುಟ ತೆರೆದೆ, ‘ತೆಂಗಿನೆಣ್ಣೆ 2-5-6’ ಅಂತ ಇತ್ತು. ಓಹೋ, 1956ರ ಮೇ 2ಕ್ಕೆ ಎಣ್ಣೆ ತಂದಿದ್ದಾರೆ ಅಂತ ನಾನು ಖುಷಿಯಿಂದ ಬರೆದುಕೊಂಡೆ. ಹತ್ತು ಸಾಲು ಹೀಗೇ ಬರೆದ ಮೇಲೆ 3-14-9 ಬಂತು. ಹದಿನಾಲ್ಕನೇ ತಿಂಗಳು ಎಲ್ಲಿಂದ ಬರಬೇಕು? ಅತ್ತೆ ನಕ್ಕು ನಕ್ಕು ಸುಸ್ತಾದರು.

ಅದು ತಾರೀಕಲ್ಲ. ರೂಪಾಯಿ, ಆಣೆ, ಪೈ. ಎರಡು ರೂಪಾಯಿ, ಐದಾಣೆ, ಆರು ಪೈ.

ಹಾಗಾಗಿ ಮೊದಲು ಕಲಿಯಬೇಕಾದ್ದು ಇದೇ. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. ಮೂರು ಪೈ ಸೇರಿದರೆ ಒಂದು ಹಳೆ ಪೈಸೆ, ಅಂದರೆ ಕಾಲಾಣೆ. ಹಾಗೆ ನೋಡಿದರೆ ರೂಪಾಯಿಗೆ 64 ಪೈಸೆ, 192 ಪೈ. ನಡುವಿನ ಅಂಕಿ 15 ದಾಟುವುದಿಲ್ಲ, ಕೊನೆಯದು 11 ದಾಟುವುದಿಲ್ಲ. ಒಂದು ಪುಟದ ಅಂಕಿಗಳು ಈ ಮಿತಿಯೊಳಗೆ ಇದ್ದರೆ ಅದು ದುಡ್ಡು ಅಂತ ಹೆಚ್ಚುಕಮ್ಮಿ ಖಾತ್ರಿ. ಈಗಿನ ಲೆಕ್ಕಕ್ಕೆ ತರುವುದು ಸುಲಭ. ಐದಾಣೆ ಆರು ಪೈ ಅಂದರೆ ಐದೂವರೆ ಆಣೆ, ಅದನ್ನು 16ರಿಂದ ಭಾಗಿಸಿ, 0.34 ಬರುತ್ತದೆ. ಎಣ್ಣೆಗೆ ಕೊಟ್ಟದ್ದು 2.34 ರೂಪಾಯಿ. ಅಷ್ಟೇ.

ಮಾತಿನಲ್ಲಿ ಬರುವ ಹೆಸರುಗಳು ಬೇರೆ. ಪಾವಲಿ ಅಂದರೆ ನಾಲ್ಕಾಣೆ. ‘ಒಟ್ಟೆ ಮುಕ್ಕಾಲು’ ಅಂತ ಹಿರಿಯರು ಹೇಳಿದರೆ ಅದು ನಡುವೆ ತೂತಿದ್ದ ಕಾಲಾಣೆ ಕಾಸು, ಯುದ್ಧದ ಕಾಲದಲ್ಲಿ, 1943ರಿಂದ ಟಂಕಿಸಿದ್ದು. ಮಕ್ಕಳು ಅದನ್ನು ನೂಲಿಗೆ ಪೋಣಿಸಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರಂತೆ.

1957ರ ಏಪ್ರಿಲ್ 1ಕ್ಕೆ ಹೊಸ ಲೆಕ್ಕ ಬಂತು, ರೂಪಾಯಿಗೆ ನೂರು ನಯಾ ಪೈಸೆ. ಇಲ್ಲೇ ಗೊಂದಲ ಶುರು. ಒಂದು ಆಣೆ ಅಂದರೆ ಸರಿಯಾಗಿ ಆರೂಕಾಲು ನಯಾ ಪೈಸೆ, ಆದರೆ ಕಾಲು ಪೈಸೆ ಅಂತ ನಾಣ್ಯ ಇಲ್ಲವಲ್ಲ. ಹಾಗಾಗಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಅಂತ ಪಟ್ಟಿ ಮಾಡಿದ್ದರು. ಒಂದೊಂದೇ ಆಣೆಯ ಸಾಮಾನು ನಾಲ್ಕು ಸಲ ತಂದವರಿಗೆ ಒಂದು ಪೈಸೆ ಲಾಭ. ಹೊಸ ನಾಣ್ಯ ಬಂದ ಮೇಲೂ ಹಳೇದು ಕೆಲವು ವರ್ಷ ಕೈಯಲ್ಲಿ ಓಡಾಡುತ್ತಲೇ ಇತ್ತು. ನಮ್ಮ ಅಜ್ಜಿಯಂತೂ 1957 ದಾಟಿದ ಮೇಲೂ ಆಣೆಯಲ್ಲೇ ಬರೆದಿದ್ದಾರೆ, ಹಠ. ಹಾಗಾಗಿ ಆಣೆ ಕಂಡ ಕೂಡಲೇ ‘1957ಕ್ಕಿಂತ ಮೊದಲಿನದು’ ಅಂತ ತೀರ್ಮಾನಿಸಬೇಡಿ. ಆದರೆ ‘ನ.ಪೈ.’ ಅಂತ ಕಂಡರೆ ಅದು 1957ರ ನಂತರದ್ದೇ. 1964ರಲ್ಲಿ ‘ನಯಾ’ ಅನ್ನುವ ಪದ ಬಿಟ್ಟರು.

ಇನ್ನು ಅಳತೆ. ನಿಜವಾಗಿ ತಲೆ ತಿನ್ನುವುದು ಇದು, ದುಡ್ಡಲ್ಲ. ‘ಅಕ್ಕಿ ಸೇರಿಗೆ ಇಷ್ಟು’ ಅಂತ ಇರುತ್ತದೆ, ಯಾವ ಸೇರು? ಅಕ್ಕಿ ಅಳೆಯುವ ಸೇರು ಪಾತ್ರೆಯ ಅಳತೆ, ಅದರ ಕಾಲುಭಾಗ ಪಾವು. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ ಮುಡಿಗೆ 42 ಸೇರು. ಬೈಹುಲ್ಲಿನಲ್ಲಿ ಗುಂಡಗೆ ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟಿದ ಮುಡಿಯನ್ನು ಈಗ ಗೃಹಪ್ರವೇಶದ ಅಲಂಕಾರಕ್ಕೆ ಇಡುತ್ತಾರೆ, ಆಗ ಅದೇ ಗೋಣಿಚೀಲ. ಗದ್ದೆಯ ಗೇಣಿ ಕೊಡುತ್ತಿದ್ದದ್ದೂ ಮುಡಿಯಲ್ಲೇ. ಆದರೆ ತೂಕದ ಸೇರು ಬೇರೆಯೇ. 24 ತೊಲದ ಸೇರು ಸುಮಾರು 280 ಗ್ರಾಂ, 80 ತೊಲದ್ದು 933 ಗ್ರಾಂ. ಎರಡಕ್ಕೂ ಹೆಸರು ಸೇರು! ಬೆಲ್ಲದ ದರ ಒಂದು ಪುಟದಲ್ಲಿ ಮತ್ತೊಂದರ ಮೂರು ಪಟ್ಟು ಕಂಡರೆ ಬೆಲೆ ಏರಿತು ಅಂತ ಹಾರಬೇಡಿ, ಸೇರು ಬದಲಾಗಿರಬಹುದು. ಮಾಂಸಕ್ಕೆ, ಸಕ್ಕರೆಗೆ ‘ರಾತ್ಲು’ ಅಂತ ಇದ್ದರೆ ಅದು ಪೌಂಡು, 453 ಗ್ರಾಂ. ಬೂತಾಯಿ, ಬಂಗುಡೆಗೆ ಇದ್ಯಾವುದೂ ಇಲ್ಲ, ಎಣಿಕೆ ಅಷ್ಟೇ, ಒಂದಾಣೆಗೆ ಎಷ್ಟು ಮೀನು ಅಂತ. ಕಿಲೋ, ಲೀಟರು ಬರಲು ಶುರುವಾದದ್ದು 1958ರಲ್ಲಿ, ಅದೂ ಹಂತ ಹಂತವಾಗಿ. ಅಟ್ಟದಲ್ಲಿ ಹಳೆ ಸೇರು, ಪಾವು ಇದ್ದರೆ ಬಿಸಾಡಬೇಡಿ. ಅದಕ್ಕೆ ಕುಚ್ಚಲಕ್ಕಿ ತುಂಬಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ನಿಮ್ಮ ಮನೆಯ ಸೇರಿಗೆ ಅದೇ ಸರಿಯಾದ ಉತ್ತರ.

ವರ್ಷ ಹಿಡಿಯುವುದು ಹೇಗೆ? ಅನೇಕ ಪುಸ್ತಕಗಳಲ್ಲಿ ಇಸವಿಯೇ ಇರುವುದಿಲ್ಲ, ಸಂವತ್ಸರದ ಹೆಸರು ಇರುತ್ತದೆ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಹಾಗಾಗಿ ಈಚಿನದನ್ನು ಹುಡುಕಿ 60 ಕಳೆಯಿರಿ. ವಿಜಯ ಸಂವತ್ಸರ 2013-14ರಲ್ಲಿ ಬಂದಿತ್ತು, ಅಂದರೆ ಆಗಿನದು 1953-54. ಅಂಗಡಿಯವರ ಪುಸ್ತಕವಾದರೆ ದೀಪಾವಳಿಗೆ ಶುರುವಾಗಿರಬಹುದು. ಮನೆಯ ಪುಸ್ತಕ ಬಿಸು, ಅಂದರೆ ತುಳುವರ ಹೊಸವರ್ಷದಿಂದ ಶುರುವಾದದ್ದೂ ಉಂಟು. ಪಗ್ಗು, ಬೇಶ, ಕಾರ್ತೆಲ್, ಆಟಿ ಅಂತ ತುಳು ತಿಂಗಳು ಬರೆದಿದ್ದರೆ ಪಗ್ಗು ಒಂದು ಅಂದರೆ ಏಪ್ರಿಲ್ ಮಧ್ಯ ಅಂತ ಇಟ್ಟುಕೊಳ್ಳಿ.

ಉಡುಪಿಯವರಿಗೆ ಇನ್ನೊಂದು ಒಳ್ಳೆಯ ಗಡಿಯಾರ ಇದೆ, ಪರ್ಯಾಯ. ಕೃಷ್ಣಮಠದ ಪೂಜೆಯ ಸರದಿ ಅದು. ಎಂಟು ಮಠ, ಎರಡೆರಡು ವರ್ಷ, 16 ವರ್ಷಕ್ಕೆ ಒಂದು ಸುತ್ತು. ‘ಪೇಜಾವರದ ಪರ್ಯಾಯಕ್ಕೆ ಹೋಗುವಾಗ ನಿನ್ನ ಅಪ್ಪ ಕಂಕುಳಲ್ಲಿ’ ಅಂತ ಅಜ್ಜಿ ಹೇಳಿದರೆ ಅದು 1952 ಅಥವಾ 1968, ನಡುವೆ ಯಾವುದೂ ಇಲ್ಲ. ಪಲಿಮಾರು 1954, ಅದಮಾರು 1956, ಕೃಷ್ಣಾಪುರ 1958, ಪುತ್ತಿಗೆ 1960. ಅಪ್ಪನ ವಯಸ್ಸು ಗೊತ್ತಿದ್ದರೆ ಲೆಕ್ಕ ಮುಗಿಯಿತು.

ಪೋಸ್ಟ್ ಕಾರ್ಡುಗಳನ್ನೂ ಬಿಡಬೇಡಿ, ಮುದ್ರೆ ಅಳಿಸಿದ್ದರೂ ವಿಳಾಸವೇ ಕಾಲ ಹೇಳುತ್ತದೆ. 1956ರ ನವೆಂಬರ್ 1ರವರೆಗೆ ನಮ್ಮ ಸೌತ್ ಕೆನರಾ (ದಕ್ಷಿಣ ಕನ್ನಡ) ಜಿಲ್ಲೆ ಮದ್ರಾಸಿನಲ್ಲಿತ್ತು, ಆ ದಿನ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ‘ಮೈಸೂರು ರಾಜ್ಯ’ ಅಂತ ಇದ್ದರೆ 1956ರ ನಂತರ, ಪಿನ್ ಕೋಡ್ ಇದ್ದರೆ 1972ರ ನಂತರ.

ಈಗ ಮಾತಾಡಿಸುವ ವಿಷಯ. ಪುಸ್ತಕ ಅರ್ಧ ಮಾತ್ರ, ಉಳಿದರ್ಧ ಜನರ ಬಾಯಲ್ಲಿದೆ. ‘ಆಗ ಅಕ್ಕಿಗೆ ಎಷ್ಟಿತ್ತು ಅಜ್ಜಿ?’ ಅಂತ ನೇರ ಕೇಳಿದರೆ ‘ಎಲ್ಲ ಸಸ್ತಾ ಮಗ’ ಅನ್ನುವ ಒಂದೇ ಉತ್ತರ ಬರುತ್ತದೆ, ಆಮೇಲೆ ಈ ಕಾಲಕ್ಕೆ ಬೈಗುಳ. ಸಸ್ತಾ ಯಾರಿಗೆ ಅನ್ನುವುದೇ ಪ್ರಶ್ನೆ ಅಲ್ವಾ? ನಾಲ್ಕಾಣೆಯ ಸಾಮಾನು ದಿನಕ್ಕೆ ಎಂಟಾಣೆ ದುಡಿಯುವವನಿಗೆ ಅರ್ಧ ದಿನದ ಬೆವರು. ಹಾಗಾಗಿ ಮೊದಲು ದುಡಿಮೆ ಕೇಳಿ, ಆಮೇಲೆ ದರ. ಗದ್ದೆ ಕೆಲಸಕ್ಕೆ ಎಷ್ಟು ಸೇರು ಅಕ್ಕಿ ಕೊಡುತ್ತಿದ್ದರು (ಕೂಲಿ ಹೆಚ್ಚಾಗಿ ಅಕ್ಕಿಯಲ್ಲೇ ಇತ್ತು), ಸಾವಿರ ಬೀಡಿ ಕಟ್ಟಿದರೆ ಎಷ್ಟು, ಹಂಚಿನ ಕಾರ್ಖಾನೆಯಲ್ಲಿ ವಾರಕ್ಕೆ ಎಷ್ಟು ಬಟವಾಡೆ. ಎರಡೂ ಸಿಕ್ಕಿದ ಮೇಲೆ, ಒಂದು ಸೀರೆಗೆ ಎಷ್ಟು ದಿನ ದುಡಿಯಬೇಕಿತ್ತು ಅಂತ ಲೆಕ್ಕ ಹಾಕಿ. ಅದನ್ನು ಈಗಿನ ಕೂಲಿಯ ಜೊತೆ ಇಟ್ಟು ನೋಡಿ. ಬರೇ ದರದ ಪಟ್ಟಿ ಹಾಕಿ ‘ಆಹಾ ಆ ಕಾಲ’ ಅನ್ನುವ ವಾಟ್ಸಾಪ್ ಫಾರ್ವರ್ಡು ನನಗೆ ಅದಕ್ಕೇ ಆಗುವುದಿಲ್ಲ.

ಕೇಳುವ ದಾರಿ ಇದು: ‘ಒಂದು ರೂಪಾಯಿ ಹಿಡಿದುಕೊಂಡು ಪೇಟೆಗೆ ಹೋದರೆ ಏನೇನು ತರುತ್ತಿದ್ದಿರಿ?’ ಆಗ ಪೇಟೆಯೇ ಕಣ್ಣ ಮುಂದೆ ಬರುತ್ತದೆ. ಹೊಳೆ ದಾಟಲು ದೋಣಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು, ಬಂದರಿನಲ್ಲಿ ಸರಕಿನ ಮಂಜಿ ಹಡಗು, ಹೋಟೆಲಿನ ಗೋಳಿಬಜೆ. ಬ್ಯಾಂಕಿನ ದಿನದ ಉಳಿತಾಯದ ಪಿಗ್ಮಿಯವರು ಮನೆಗೆ ಬಂದು ದಿನಕ್ಕೆ ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದುದೂ ಇಲ್ಲೇ ನೆನಪಾಗುತ್ತದೆ, ಉಡುಪಿಯಲ್ಲಿ 1928ರಲ್ಲಿ ಶುರುವಾದ ಪದ್ಧತಿ ಅದು. ರೇಷನ್ ಬಗ್ಗೆ ಕೇಳುವಾಗ ‘ಕಂಟ್ರೋಲ್’ ಅನ್ನಿ, ಆ ಪದಕ್ಕೆ ಬಾಗಿಲು ತೆರೆಯುತ್ತದೆ. ಮದ್ರಾಸಿನ ಮುಖ್ಯಮಂತ್ರಿ ರಾಜಾಜಿ ಅಕ್ಕಿಯ ಕಂಟ್ರೋಲ್ ತೆಗೆದದ್ದು 1952ರಲ್ಲಿ. ಅಲ್ಲಿಯವರೆಗಿನ ಪುಟಗಳಲ್ಲಿ ಅಕ್ಕಿಗೆ ಎರಡು ದರ ಕಂಡರೆ, ಒಂದು ಕಾರ್ಡಿನದು, ಇನ್ನೊಂದು ಕಾಳಸಂತೆಯಿಂದ ತಂದದ್ದು ಅಂತ ಸಂಶಯ ಪಡಬಹುದು.

ನೆನಪು ಜಾರುತ್ತದೆ, ಅದಕ್ಕೆ ಬೇಸರ ಬೇಡ. 1955ರಲ್ಲಿ ಮಂಗಳೂರು ಆಕಾಶವಾಣಿ ಕೇಳುತ್ತಿದ್ದೆವು ಅಂತ ಒಬ್ಬರು ನನಗೆ ಗಟ್ಟಿಯಾಗಿ ಹೇಳಿದರು. ಮಂಗಳೂರು ಕೇಂದ್ರ ಶುರುವಾದದ್ದೇ 1976ರಲ್ಲಿ. ಕೇಳಿದ್ದು ಧಾರವಾಡವೋ ರೇಡಿಯೋ ಸಿಲೋನೋ ಇರಬೇಕು. ಸಿಲೋನಿನಲ್ಲಿ ಬುಧವಾರ ರಾತ್ರಿಯ ಹಿಂದಿ ಹಾಡಿನ ಕಾರ್ಯಕ್ರಮ ಬಿನಾಕಾ ಗೀತಮಾಲಾ 1952ರಿಂದಲೇ ಇತ್ತು, ರೇಡಿಯೋ ಇದ್ದ ಮನೆಯ ಜಗಲಿ ಅವತ್ತು ತುಂಬುತ್ತಿತ್ತಂತೆ. ಹಾಗೆಯೇ ಉದಯವಾಣಿ 1970ರದ್ದು, ಅದಕ್ಕೆ ಮೊದಲು ಮನೆಗೆ ಬರುತ್ತಿದ್ದದ್ದು ಮಂಗಳೂರಿನ ನವಭಾರತ ಇರಬಹುದು. ಮೊದಲ ತುಳು ಸಿನೆಮಾ 1971ರದ್ದು. ನೆಹರೂ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದದ್ದನ್ನು ನೋಡಿದೆ ಅಂದರೆ ಅದು 1951ರ ಡಿಸೆಂಬರ್ 25. ಇಂಥ ನಾಲ್ಕೈದು ಗೂಟ ಕೈಯಲ್ಲಿರಲಿ, ಆದರೆ ಮಾತಿನ ನಡುವೆ ‘ತಪ್ಪು’ ಅನ್ನಬೇಡಿ. ಆಮೇಲೆ ಬಾಯಿ ಮುಚ್ಚಿಕೊಳ್ಳುತ್ತಾರೆ.

ಆಟದ ಬಗ್ಗೆ, ಅಂದರೆ ಯಕ್ಷಗಾನದ ಬಗ್ಗೆ, ಬೇರೆಯೇ ಒಂದು ಮಧ್ಯಾಹ್ನ ಇಟ್ಟುಕೊಳ್ಳಿ. ಬಯಲಾಟಕ್ಕೆ ದುಡ್ಡಿಲ್ಲ, ಟೆಂಟಿನ ಆಟಕ್ಕೆ ಟಿಕೆಟು. ನೆಲಕ್ಕೆ ಎಷ್ಟು, ಕುರ್ಚಿಗೆ ಎಷ್ಟು, ಚರುಮುರಿಗೆ ಎಷ್ಟು ಅಂತ ಕೇಳಿ, ಯಾರ ವೇಷ ಅಂತ ಕೇಳಿದರಂತೂ ಬೆಳಗಾಗುತ್ತದೆ. ಪುಸ್ತಕದಲ್ಲಿ ‘ಆಟ’ ಅನ್ನುವ ಖರ್ಚು ಪತ್ತನಾಜೆಯ ನಂತರ, ಅಂದರೆ ಮೇ ಕೊನೆಯಿಂದ, ಕಾಣುವುದಿಲ್ಲ. ಮೇಳ ಗೆಜ್ಜೆ ಬಿಚ್ಚಿತಲ್ಲ, ಆ ವರ್ಷದ ತಿರುಗಾಟ ಮುಗಿಯಿತು.

ಪುಸ್ತಕವನ್ನು ಕಾಪಾಡುವ ಬಗ್ಗೆ ಎರಡೇ ಮಾತು. ಮಳೆಗಾಲದಲ್ಲಿ ಟ್ರಂಕ್ ತೆರೆಯಬೇಡಿ, ತೇವಕ್ಕೆ ಬೂಷ್ಟು ಬರುತ್ತದೆ. ಡಿಸೆಂಬರ್, ಜನವರಿಯ ಒಣ ದಿನ ನೋಡಿ, ನೆರಳಲ್ಲಿ ಹರಡಿ, ಪ್ರತಿ ಪುಟದ ಫೋಟೋ ತೆಗೆಯಿರಿ, ಖಾಲಿ ಪುಟ ಮತ್ತು ಹೊರ ರಟ್ಟು ಸೇರಿಸಿ. ಲ್ಯಾಮಿನೇಟ್ ಬೇಡವೇ ಬೇಡ. ನಾನು ಒಂದು ಅಂಗಡಿಗೆ ಎರಡು ಹಾಳೆ ಕೊಟ್ಟು ಬಿಸಿಗೆ ಕಾಗದ ಸುಕ್ಕಾಗಿ, ಕೊನೆಯ ಸಾಲು ಹೋಗಿಯೇ ಬಿಟ್ಟಿತು. ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಅವರ ಒಪ್ಪಿಗೆ ಕೇಳಿಯೇ ಮಾಡಿ. ತುಳುವಲ್ಲೋ ಕೊಂಕಣಿಯಲ್ಲೋ ಹೇಳಿದ್ದನ್ನು ಕನ್ನಡಕ್ಕೆ ತರುವಾಗ ವಸ್ತುಗಳ ಹೆಸರು ಮಾತ್ರ ಅವರ ಬಾಯಿಂದ ಬಂದ ಹಾಗೇ ಇರಲಿ.

ಹಾಂ, ಲೆಕ್ಕದ ಪುಸ್ತಕ ಯಾವಾಗಲೂ ನಿಜ ಹೇಳುತ್ತದೆ ಅಂತ ತಿಳಿಯಬೇಡಿ. ಅಜ್ಜಿಯ ಎರಡನೇ ಪುಸ್ತಕದಲ್ಲಿ ತಿಂಗಳಿಗೆರಡು ಸಲ ‘ದೇವಸ್ಥಾನ’ ಅಂತ ಖರ್ಚು ಇದೆ, ಪ್ರತಿ ಸಲವೂ ಒಂದೇ ಮೊತ್ತ. ಎಂಥ ಭಕ್ತಿ ಅಂದುಕೊಂಡೆ. ಫೋನಿನ ಕ್ಯಾಲೆಂಡರಿನಲ್ಲಿ ಆ ತಾರೀಕುಗಳನ್ನು ಹುಡುಕಿದರೆ ಎಲ್ಲವೂ ಭಾನುವಾರ. ಅತ್ತೆಗೆ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ‘ಅದು ಟಾಕೀಸು ಮಾರಾಯ, ನಿನ್ನ ಅಜ್ಜನಿಗೆ ಗೊತ್ತಾಗಬಾರದಲ್ಲ.’