ನಾಲ್ಕರಲ್ಲಿ ಒಂದೇ ಚಕ್ರ ಸುಡುತ್ತಿತ್ತು

ನನ್ನದು 40 ಅಡಿ ಟ್ರೈಲರ್. ಹಿಂದೆ ಎರಡು ಆಕ್ಸಲ್, ನಾಲ್ಕು ಹಬ್ (ಚಕ್ರ ಕೂರುವ ನಡುಭಾಗ), ಹಬ್ಬಿಗೆ ಎರಡರಂತೆ ಎಂಟು ಟಯರ್. ಬ್ರೇಕ್ ಗಾಳಿಯ ಒತ್ತಡದ್ದು. ಹಾಸನದ ಕಡೆಯಿಂದ ಪಣಂಬೂರು ಬಂದರಿಗೆ ಕಾಫಿ ಕಂಟೇನರ್ ಹೊಡೆಯುತ್ತೇನೆ. ಶಿರಾಡಿ ಘಾಟಿ ಇಳಿದ ಮೇಲೆ ಗುಂಡ್ಯದಲ್ಲಿ ನಿಲ್ಲಿಸಿ, ಟೀ ಕುಡಿಯೋಕೆ ಮುಂಚೆ ಗಾಡಿಗೆ ಒಂದು ಸುತ್ತು ಹಾಕುವುದು ರೂಢಿ.

ಹೋದ ಮಳೆಗಾಲದಲ್ಲಿ ಹಾಗೆ ಸುತ್ತುವಾಗ ಎಡಗಡೆಯ ಕೊನೇ ಚಕ್ರದಿಂದ ಲೈನರ್, ಅಂದರೆ ಬ್ರೇಕ್ ಡ್ರಮ್ಮಿಗೆ ಒಳಗಿನಿಂದ ಉಜ್ಜುವ ಪಟ್ಟಿ, ಸುಟ್ಟ ವಾಸನೆ ಬಂತು. ಘಾಟಿ ಇಳಿದಾಗ ಚಕ್ರದ ಜೊತೆ ತಿರುಗುವ ಆ ಡ್ರಮ್ ಕಾಯುವುದು ಸಹಜ. ಆದರೆ ಕಾದರೆ ನಾಲ್ಕೂ ಕಾಯಬೇಕು, ಅಲ್ವಾ? ಉಳಿದ ಮೂರರ ಹತ್ತಿರ ಕೈ ಹಿಡಿಯಬಹುದಿತ್ತು, ಇದರ ಹತ್ತಿರ ಆಗಲಿಲ್ಲ. ಕ್ಲೀನರ್ ಹುಡುಗ ಓಡಿ ಹೋಗಿ ಬಕೆಟ್ ನೀರು ತಂದ. "ಬೇಡ ಕಣೋ, ಕಾದ ಡ್ರಮ್ಮಿಗೆ ನೀರು ಸುರಿದರೆ ಬಿರುಕು ಬಿಡುತ್ತೆ" ಅಂದೆ. ತಾನಾಗಿ ಆರುವವರೆಗೆ ಕೂತೆವು.

ಒಂದು ಗ್ಯಾರೇಜಿಗೆ ಬಿಟ್ಟೆ. ಬೇರಿಂಗ್ ಹೋಗಿದೆ ಅಂದರು. ಹೊಸ ಬೇರಿಂಗ್, ಹೊಸ ಸೀಲ್, ಹೊಸ ಗ್ರೀಸ್ ಹಾಕಿ, ಬ್ರೇಕನ್ನೂ ಅಡ್ಜಸ್ಟ್ ಮಾಡಿ ಕೊಟ್ಟರು. ಎರಡು ಟ್ರಿಪ್ ಏನೂ ತೊಂದರೆ ಇರಲಿಲ್ಲ. ಮೂರನೇದಕ್ಕೆ ಮತ್ತೆ ಅದೇ ವಾಸನೆ. ಈ ಸಲ ಘಾಟಿಯೂ ಇಲ್ಲ, ಲೋಡೂ ಇಲ್ಲ. ಖಾಲಿ ಗಾಡಿ, ಸಮನಾದ ರಸ್ತೆ.

ಇನ್ನು ನಾನೇ ನೋಡಬೇಕು ಅನ್ನಿಸಿತು. ಬೇರಿಂಗ್ ಕೆಟ್ಟಿದ್ದರೆ ಹಬ್ಬಿನ ನಡುವೆ, ಕ್ಯಾಪ್ ಹತ್ತಿರ ಜಾಸ್ತಿ ಬಿಸಿ ಇರುತ್ತದೆ. ಬ್ರೇಕ್ ಹಿಡಿದುಕೊಂಡಿದ್ದರೆ ಡ್ರಮ್ ಜಾಸ್ತಿ ಕಾಯುತ್ತದೆ. ಇಲ್ಲಿ ಕ್ಯಾಪ್ ಮುಟ್ಟಲು ಬರುತ್ತಿತ್ತು, ಡ್ರಮ್ ಹತ್ತಿರ ಹೋಗಲು ಆಗುತ್ತಿರಲಿಲ್ಲ. ಆರಿದ ಮೇಲೆ ಹಾರ್ಸಿನ (ಟ್ರೈಲರ್ ಎಳೆಯುವ ಮುಂದಿನ ಗಾಡಿ) ಚಕ್ರಗಳಿಗೂ ಟ್ರೈಲರಿನ ಉಳಿದ ಚಕ್ರಗಳಿಗೂ ಮರದ ತುಂಡು ಕೊಟ್ಟು, ಜಾಕಿ ಏರಿಸಿ, ಅಡಿಗೆ ಸ್ಟ್ಯಾಂಡ್ ಇಟ್ಟೆ. ಚಕ್ರ ಕೈಯಿಂದ ತಿರುಗಿಸಬೇಕಾದರೆ ಪಾರ್ಕಿಂಗ್ ಬ್ರೇಕ್ ತೆಗೆದಿರಬೇಕು. ಹಾಗಾಗಿ ಮರದ ತುಂಡು ಕೊಡದೆ ಯಾರೂ ಗಾಡಿಯಡಿ ಹೋಗಬೇಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಆಟ (ಸಡಿಲ) ಇರಲಿಲ್ಲ. ಬೇರಿಂಗಿನ ತಪ್ಪು ಅಲ್ಲ ಅನ್ನುವುದು ಅಲ್ಲಿಗೆ ಖಾತ್ರಿಯಾಯಿತು.

ಹುಡುಗನಿಗೆ ಬ್ರೇಕ್ ಒತ್ತಿ ಬಿಡಲು ಹೇಳಿದೆ. ಬಿಟ್ಟ ಕೂಡಲೇ ಚಕ್ರ ತಿರುಗಿಸಿದರೆ ಗಟ್ಟಿ. ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು ತಿರುಗಿಸಿದರೆ ಸಲೀಸು. ಮತ್ತೆ ಒತ್ತಿಸಿದೆ. ಈ ಸಲ ಬೂಸ್ಟರಿನ, ಅಂದರೆ ಗಾಳಿ ತುಂಬಿದಾಗ ಬ್ರೇಕ್ ತಳ್ಳುವ ಡಬ್ಬಿಯ, ರಾಡ್ ಮೇಲೆ ಟಾರ್ಚ್ ಬಿಟ್ಟು ನೋಡುತ್ತಾ ಕೂತೆ. ಬಲಗಡೆಯ ರಾಡ್ ಟಪ್ ಅಂತ ಒಳಗೆ ಹೋಯಿತು. ಎಡಗಡೆಯದು ಅರ್ಧ ಹೋಗಿ ನಿಂತು, ಆಮೇಲೆ ಬಸವನ ಹುಳದ ಹಾಗೆ ನಿಧಾನಕ್ಕೆ ಒಳಗೆ ಸರಿಯಿತು.

ರಾಡ್ ತಳ್ಳಿದಾಗ ತಿರುಗಿ ಲೈನರನ್ನು ಡ್ರಮ್ಮಿಗೆ ಒತ್ತುವ ಕ್ಯಾಮ್ ಶಾಫ್ಟ್ ಜಾಮ್ ಆಗಿರಬಹುದು, ಇಲ್ಲಾ ಗಾಳಿ ವಾಪಸ್ ಹೋಗುತ್ತಿಲ್ಲ. ಯಾವುದು ಅಂತ ತಿಳಿಯಲು ರಾಡ್ ಅರ್ಧದಲ್ಲಿ ನಿಂತಾಗ ಬೂಸ್ಟರಿಗೆ ಬ್ರೇಕಿನ ಗಾಳಿ ತರುವ ಸರ್ವೀಸ್ ಪೈಪಿನ ನಟ್ಟನ್ನು ಪಾನಾದಿಂದ ಸ್ವಲ್ಪವೇ ಸಡಿಲಿಸಿದೆ. ಬುಸ್ ಅಂತ ಗಾಳಿ ಹೊರಬಂತು, ರಾಡ್ ತಟ್ಟನೆ ಒಳಗೆ ಹೋಯಿತು. ಶಾಫ್ಟ್ ಸರಿಯಾಗಿಯೇ ಇತ್ತು, ಗಾಳಿಗೆ ದಾರಿ ಇರಲಿಲ್ಲ. ಎರಡೂ ಪೈಪ್ ಪೂರ್ತಿ ಬಿಚ್ಚಿ, ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ ಹಾಕಿದೆ. ಈಗ ಬಲಗಡೆ ಚಕ್ರ ಹಿಡಿದುಕೊಂಡಿತು! ಪೈಪುಗಳಿಗೆ ಗಾಳಿ ಬಿಡುವ ವಾಲ್ವ್ ಮೇಲಿನ ಅನುಮಾನವೂ ಹೋಯಿತು, ಕೆಟ್ಟಿದ್ದು ಪೈಪ್.

ಹೊರಗಿನಿಂದ ಆ ಪೈಪಿನಲ್ಲಿ ಒಂದು ಗೀರೂ ಇರಲಿಲ್ಲ. ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಗಿನ ರಬ್ಬರ್ ಉಬ್ಬಿ, ಒಂದು ಕಡೆ ಸುಲಿದು, ನಾಲಿಗೆಯ ಹಾಗೆ ಜೋತುಬಿದ್ದಿತ್ತು. ಬ್ರೇಕ್ ಒತ್ತಿದಾಗ ಗಾಳಿ ಅದನ್ನು ತಳ್ಳಿಕೊಂಡು ಮುಂದೆ ಹೋಗುತ್ತದೆ. ಬಿಟ್ಟಾಗ ಅದೇ ನಾಲಿಗೆ ದಾರಿಗೆ ಅಡ್ಡ ಬೀಳುತ್ತದೆ. ಗ್ಯಾರೇಜಿನಲ್ಲಿ ಅಡ್ಜಸ್ಟ್ ಮಾಡುವಾಗ ಲೈನರ್ ಗ್ಯಾಪ್ ಜಾಸ್ತಿ ಬಿಟ್ಟಿರಬೇಕು. ಹಾಗಾಗಿ ಎರಡು ಟ್ರಿಪ್ ತಾಗಲಿಲ್ಲ. ಬೇರಿಂಗ್ ಬದಲಿಸಿದ್ದಕ್ಕೆ ಸರಿಹೋಯಿತು ಅಂತ ನಾವೆಲ್ಲ ಅಂದುಕೊಂಡೆವು.

ರಬ್ಬರ್ ಯಾಕೆ ಉಬ್ಬಿತು? ಏರ್ ಟ್ಯಾಂಕಿನ ಡ್ರೈನ್ ಬಿಚ್ಚಿದರೆ ಬರೀ ನೀರಲ್ಲ, ಹಾಲು ಕಲಸಿದಂಥ ಬೂದು ಬಣ್ಣದ ಜಿಡ್ಡು ಬಂತು. ಕಂಪ್ರೆಸರ್ ಎಣ್ಣೆ ಬಿಡುತ್ತಿತ್ತು. ಆ ಎಣ್ಣೆಯೇ ಪೈಪನ್ನು ಒಳಗಿನಿಂದ ತಿಂದಿತ್ತು. ಕಂಪ್ರೆಸರಿಗೆ ರಿಂಗ್ ಹಾಕಿಸಿದೆ, ಏರ್ ಡ್ರೈಯರಿನ ಫಿಲ್ಟರ್ ಬದಲಿಸಿದೆ, ನಾಲ್ಕೂ ಚಕ್ರದ ಪೈಪ್ ಹೊಸದು ಹಾಕಿದೆ. ಸುಟ್ಟು ಗಾಜಿನ ಹಾಗೆ ನುಣ್ಣಗಾಗಿದ್ದ ಆ ಲೈನರನ್ನೂ ತೆಗೆಸಿದೆ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಪೈಪಿನ ನಟ್ ಬಿಚ್ಚುವುದು ಬೇರೆ, ಪಾರ್ಕಿಂಗ್ ಬೂಸ್ಟರ್ ಬಿಚ್ಚುವುದು ಬೇರೆ. ಅದರೊಳಗಿನ ಸ್ಪ್ರಿಂಗ್ ಗಾಳಿ ಇಲ್ಲದಿದ್ದರೂ ಅಮುಕಿಕೊಂಡೇ ಕೂತಿರುತ್ತದೆ. ಸ್ಪ್ರಿಂಗನ್ನು ಅಮುಕಿ ಹಿಡಿದಿಡುವ ಕೇಜಿಂಗ್ ಬೋಲ್ಟಿನಿಂದ ಕಟ್ಟಿಹಾಕದೆ ಬಿಚ್ಚಿದರೆ ಜೀವ ತೆಗೆಯುತ್ತದೆ. ಅದನ್ನು ನಾನು ಬಿಚ್ಚುವುದೇ ಇಲ್ಲ, ಪೂರ್ತಿ ಬದಲಿಸುತ್ತೇನೆ.

ಆಮೇಲಿನ ಟ್ರಿಪ್ಪಿನಲ್ಲಿ ಗುಂಡ್ಯದಲ್ಲಿ ನಾನು ಇಳಿಯುವಷ್ಟರಲ್ಲಿ ಹುಡುಗ ಒಂದು ಸುತ್ತು ಹಾಕಿ ಬಂದಿದ್ದ. "ಅಣ್ಣಾ, ನಾಲ್ಕೂ ಒಂದೇ ಥರ ಬೆಚ್ಚಗಿದೆ" ಅಂದ. ನಾನೂ ಒಂದೊಂದಕ್ಕೂ ಕೈ ಹಿಡಿದು ನೋಡಿ, ಆಮೇಲೆ ಟೀ ಹೇಳಿದೆ.