ಕಾರ್ತೀಕ, ಮಾರ್ಗಶಿರದಲ್ಲಿ ನಾಯಿಯೊಡನೆ ಚಾರಣ: ಉತ್ತರ ಕನ್ನಡದವರಿಗೊಂದು ಕೈಪಿಡಿ

ದೀಪಾವಳಿ ಕಳೆದು, ಗದ್ದೆಯಲ್ಲಿ ಭತ್ತದ ಕೊಯ್ಲು, ತೋಟದಲ್ಲಿ ಅಡಿಕೆ ಕೊಯ್ಲು ಒಂದರ ಹಿಂದೊಂದು ಆರಂಭವಾಗುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಲುದಾರಿಗಳ ಪಾಚಿ ಒಣಗಿ, ಹಳ್ಳಗಳು ಇಳಿದು, ನಡೆಯುವುದಕ್ಕೆ ವರ್ಷದ ಅತ್ಯುತ್ತಮ ಕಾಲ ಬರುತ್ತದೆ. ಮಳೆಗಾಲವಿಡೀ ಜಗಲಿಯ ಮೇಲೆ ಮುದುಡಿ ಮಲಗಿದ್ದ ನಾಯಿಯನ್ನು ಹೊರಗೆ ಕರೆದೊಯ್ಯಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಆದರೆ ಚಳಿದೇಶದವರು ಬರೆದಿಟ್ಟ ಸಲಹೆಗಳನ್ನು ಓದಿ ನಾಯಿಗೆ ಕೋಟು, ಕಾಲುಚೀಲ ಖರೀದಿಸಿದರೆ ಇಲ್ಲಿ ಪ್ರಯೋಜನವಿಲ್ಲ. ಘಟ್ಟದ ಮೇಲೆ ರಾತ್ರಿಯ ಚಳಿ ಎಷ್ಟೇ ಇದ್ದರೂ ಹಗಲಿನಲ್ಲಿ ನಡೆಯುವ ಆರೋಗ್ಯವಂತ ನಾಯಿಗೆ ಅದು ಬಾಧಕವಲ್ಲ. ಈ ಜಿಲ್ಲೆಯಲ್ಲಿ, ಈ ತಿಂಗಳುಗಳಲ್ಲಿ ನಾಯಿಯನ್ನು ಕಾಡುವುದು ಉಣುಗು, ಹುಲ್ಲಿನ ಊಬು, ಕರಾವಳಿಯ ಸೆಕೆ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಬಿಚ್ಚಿಬಿಟ್ಟ ಹಗ್ಗ.

ಮೊದಲು ಎಲ್ಲಿಗೆ ಹೋಗಬಾರದು ಎಂಬುದನ್ನು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ದಾಂಡೇಲಿ ವನ್ಯಜೀವಿ ಧಾಮ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನವನ್ನು ಒಳಗೊಂಡ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕಾಗಲಿ, ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಪಕ್ಷಿಧಾಮಕ್ಕಾಗಲಿ ನಾಯಿಯನ್ನು ಕರೆದೊಯ್ಯಲೇಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಇಂಥ ಕಾಡುಗಳಿಗೆ ಮನುಷ್ಯರ ಪ್ರವೇಶಕ್ಕೇ ನಿರ್ಬಂಧಗಳಿವೆ. ನಾಯಿ ಯಾವ ಪ್ರಾಣಿಯನ್ನೂ ಅಟ್ಟಿಸಿಕೊಂಡು ಹೋಗದಿದ್ದರೂ ಅದರ ಮಲ, ಮೂತ್ರ, ಜೊಲ್ಲಿನ ಮೂಲಕ ಡಿಸ್ಟೆಂಪರ್, ಪಾರ್ವೊದಂಥ ರೋಗಗಳು ಕಾಡುಪ್ರಾಣಿಗಳಿಗೆ ತಗಲಬಲ್ಲವು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಸಿಂಹಗಳು ಸತ್ತಾಗ ಅದರ ಕಾರಣಗಳಲ್ಲಿ ಡಿಸ್ಟೆಂಪರ್ ವೈರಾಣುವೂ ಒಂದಾಗಿತ್ತು. ಸಿಂಗಳೀಕಗಳಿರುವ ಅಘನಾಶಿನಿ ಕಣಿವೆಯ ದಟ್ಟ ಕಾಡನ್ನೂ ಇದೇ ಕಾರಣಕ್ಕೆ ಬಿಟ್ಟುಬಿಡುವುದು ಸರಿ. ಯಾಣದಲ್ಲಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡದಲ್ಲೇ ದೇವಸ್ಥಾನವಿದೆ. ಸಹಸ್ರಲಿಂಗದಲ್ಲಿ ಶಾಲ್ಮಲೆಯ ಬಂಡೆಬಂಡೆಯ ಮೇಲೂ ಪೂಜೆಗೊಳ್ಳುವ ಲಿಂಗಗಳಿವೆ. ಅಲ್ಲಿಗೆ ಹೋಗಲೇಬೇಕಾದರೆ ಜೊತೆಗೆ ಇನ್ನೊಬ್ಬರಿರಲಿ. ಒಬ್ಬರು ದರ್ಶನ ಮುಗಿಸಿ ಬರುವತನಕ ಇನ್ನೊಬ್ಬರು ನಾಯಿಯನ್ನು ಹಿಡಿದುಕೊಂಡು ದೂರದಲ್ಲಿ, ನೆರಳಿನಲ್ಲಿ ಕೂರಬಹುದು. ಮುಚ್ಚಿದ ಕಾರಿನಲ್ಲಿ ಬಿಟ್ಟುಹೋಗುವುದು ಡಿಸೆಂಬರ್ ಬಿಸಿಲಿನಲ್ಲೂ ಪ್ರಾಣಾಪಾಯದ ಕೆಲಸ.

ಹಾಗಾದರೆ ಹೋಗುವುದೆಲ್ಲಿಗೆ? ಪ್ರಸಿದ್ಧ ಜಲಪಾತಗಳ ಮೆಟ್ಟಿಲುಗಳಿಗಿಂತ ಊರಿನ ಸೊಪ್ಪಿನ ಬೆಟ್ಟದ ಅಂಚು, ಕೊಯ್ಲಾದ ಗದ್ದೆಯ ಹಾಳಿ, ತೋಟದ ಮೇಲಿನ ಮಣ್ಣಿನ ರಸ್ತೆಗಳೇ ನಾಯಿಗೆ ಹೆಚ್ಚು ಹಿತ ಎಂಬುದು ನನ್ನ ಅಭಿಪ್ರಾಯ. ಜಲಪಾತದ ಬಳಿ ರಜಾದಿನದ ಜನಸಂದಣಿ, ಜಾರುಬಂಡೆ, ಎಸೆದ ಬಾಟಲಿಯ ಗಾಜು ಇರುತ್ತವೆ. ನಾಯಿಗೆ ನೋಟದ ಸೊಗಸಿಗಿಂತ ವಾಸನೆಯ ಸೊಗಸೇ ಮುಖ್ಯ. ಆದರೆ ಈ ಜಾಗಗಳೆಲ್ಲ ಯಾರಾದರೊಬ್ಬರ ಹಕ್ಕಿನವು. ಮನೆಯೆದುರು ಹಾದುಹೋಗುವಾಗ ಒಂದು ಮಾತು ಕೇಳಿ ಮುಂದುವರಿಯಬೇಕು, ದಾಟಿದ ದಣಪೆಯನ್ನು ಮತ್ತೆ ಹಾಕಬೇಕು. ಕೊಯ್ಲಾಗದ ಗದ್ದೆಗೆ ನಾಯಿಯನ್ನು ಇಳಿಸಬಾರದು. ಕಾರವಾರದವರಿಗೆ ಕಾಳಿ ನದಿಯ ಆಚೆ ದಡದ ಸದಾಶಿವಗಡದ ಗುಡ್ಡ ಒಂದು ಬೆಳಗಿನ ನಡಿಗೆಗೆ ಸಾಕು. ಗೋಕರ್ಣದ ಕಡೆಯವರಿಗೆ ಕುಡ್ಲೆಯಿಂದ ಓಂ ಕಡಲತೀರ ದಾಟಿ ಹಾಫ್ ಮೂನ್‌ವರೆಗಿನ ಮುರಕಲ್ಲಿನ ದಾರಿ ಸುಂದರವೇ ಆದರೂ ಅಲ್ಲಿನ ತೀರಗಳಲ್ಲಿ ಬೀಡುಬಿಟ್ಟ ನಾಯಿಗಳ ಗುಂಪುಗಳು ಹೊಸ ನಾಯಿಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅಂಜುಕುಳಿ ನಾಯಿಗೆ ಆ ದಾರಿ ಬೇಡ.

ಈಗ ಹಗ್ಗದ ವಿಷಯ. ಕಾಡಂಚಿನಲ್ಲಿ ಹಗ್ಗ ಬಿಚ್ಚಬಾರದು ಎಂಬುದಕ್ಕೆ ಈ ಜಿಲ್ಲೆಯಲ್ಲಿ ಇರುವಷ್ಟು ಕಾರಣಗಳು ಬೇರೆ ಕಡೆ ಇರಲಾರವು. ಮೊದಲನೆಯದು ಚಿರತೆ. ಮಲೆನಾಡಿನ ಚಿರತೆಗೆ ನಾಯಿ ಎಂದರೆ ರೂಢಿಯ ಆಹಾರ. ಮುಂಜಾವಿನ ಮಬ್ಬಿನಲ್ಲಿ, ಮುಸ್ಸಂಜೆಯಲ್ಲಿ ಯಜಮಾನನಿಂದ ನೂರು ಹೆಜ್ಜೆ ಮುಂದೆ ಓಡುವ ನಾಯಿ ಮರಳಿ ಬರುತ್ತದೆ ಎಂಬ ಭರವಸೆಯಿಲ್ಲ. ಎರಡನೆಯದು ಮನುಷ್ಯ ಒಡ್ಡುವ ಅಪಾಯ. ಪೈರು ಬಲಿತ ಕಾಲದಲ್ಲಿ ಕಾಡುಹಂದಿಗೆಂದು ಕಾನೂನಿಗೆ ವಿರುದ್ಧವಾಗಿ ತಂತಿಯ ಉರುಳು ಹಾಕುವವರು, ಬೇಲಿಗೆ ವಿದ್ಯುತ್ ಹರಿಸುವವರು, ಆಹಾರದೊಳಗೆ ಸಿಡಿಮದ್ದು ಹುದುಗಿಸಿ ಇಡುವವರು ಇನ್ನೂ ಇದ್ದಾರೆ. ಸಿಡಿಮದ್ದಿನ ಉಂಡೆ ಕಚ್ಚಿದ ನಾಯಿಯ ದವಡೆ ಉಳಿಯುವುದಿಲ್ಲ. ಆದ್ದರಿಂದ ದಾರಿಯಲ್ಲಿ ಬಿದ್ದದ್ದನ್ನು ಬಾಯಿಗೆ ಹಾಕದಂತೆ, ಹಾಕಿದ್ದನ್ನು ಹೇಳಿದೊಡನೆ ಉಗುಳುವಂತೆ ಕಲಿಸದೆ ನಾಯಿಯನ್ನು ಬೆಟ್ಟಕ್ಕೆ ಕರೆದೊಯ್ಯಬಾರದು. ಮುಧೋಳ ತಳಿಯ ನಾಯಿ ಸಾಕಿದವರಂತೂ ಈ ವಿಷಯದಲ್ಲಿ ಎರಡು ಪಟ್ಟು ಎಚ್ಚರವಾಗಿರಬೇಕು. ಕಣ್ಣಿಗೆ ಬಿದ್ದ ಮೊಲವನ್ನು ಅಟ್ಟಿಹೋಗುವುದು ಅದರ ರಕ್ತದಲ್ಲೇ ಇದೆ, ಆ ಕ್ಷಣದಲ್ಲಿ ಯಾವ ಕೂಗೂ ಅದರ ಕಿವಿಗೆ ಬೀಳದು.

ಮೂರನೆಯ ಕಾರಣ ಊರನಾಯಿಗಳು. ನಮ್ಮಲ್ಲಿ ಹೆಣ್ಣುನಾಯಿಗಳು ಬಹುಪಾಲು ಮಳೆಗಾಲದ ಕೊನೆಗೆ ಬೆದೆಗೆ ಬರುವುದರಿಂದ, ನವೆಂಬರ್‌ನಿಂದ ಜನವರಿಯವರೆಗೆ ಊರೂರಿನ ಕೊಟ್ಟಿಗೆ, ಹುಲ್ಲುಬಣವೆಗಳ ಮರೆಯಲ್ಲಿ ಮರಿ ಹಾಕಿದ ತಾಯಂದಿರು ಇರುತ್ತವೆ. ಉಳಿದ ಕಾಲದಲ್ಲಿ ಬೊಗಳಿ ಸುಮ್ಮನಾಗುವ ನಾಯಿ ಆಗ ಕಚ್ಚಿಯೇ ಬಿಡುತ್ತದೆ. ಎದುರಾದರೆ ಓಡದೆ, ನಿಮ್ಮ ನಾಯಿಯನ್ನು ನಿಮ್ಮ ಇನ್ನೊಂದು ಬದಿಗೆ ತಂದುಕೊಂಡು, ದೊಡ್ಡ ಸುತ್ತು ಹಾಕಿ ದಾಟಬೇಕು. ಕೈಯಲ್ಲೊಂದು ಬೆತ್ತವಿದ್ದರೆ ಸಾಕು, ಬೀಸುವ ಪ್ರಸಂಗ ಅಪರೂಪ. ರೇಬೀಸ್ ಲಸಿಕೆಯ ವಾರ್ಷಿಕ ಅವಧಿ ಮೀರಿಲ್ಲವೆಂದು ಹೊರಡುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಇಲಿಮೂತ್ರ ಬೆರೆತ ನಿಂತನೀರಿನಿಂದ ಹರಡುವ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ, ನಾಯಿಗೂ ಬರುತ್ತದೆ. ಅದರ ಲಸಿಕೆಯೂ ಲಭ್ಯವಿದೆ. ಹಗ್ಗ ಒಂದೂವರೆಯಿಂದ ಎರಡು ಮೀಟರ್ ಉದ್ದವಿರಲಿ. ಕುತ್ತಿಗೆಪಟ್ಟಿಗಿಂತ ಎದೆಗೆ ತೊಡಿಸುವ ಹಾರ್ನೆಸ್ ಮೇಲು, ಏಕೆಂದರೆ ಇಳಿಜಾರಿನಲ್ಲಿ ನಾಯಿ ಜಾರಿದಾಗ ಉಸಿರು ಕಟ್ಟದಂತೆ ಎತ್ತಿಕೊಳ್ಳಬಹುದು. ಎಳೆದಷ್ಟೂ ಉದ್ದವಾಗುವ ಸುರುಳಿಹಗ್ಗ ಪೊದೆಗಳ ನಡುವೆ ನಿರುಪಯುಕ್ತ.

ಘಟ್ಟದ ಕೆಳಗೆ ಲೆಕ್ಕಾಚಾರ ಬೇರೆಯಾಗುತ್ತದೆ. ಕಾರವಾರ, ಅಂಕೋಲಾ, ಕುಮಟಾದಲ್ಲಿ ಡಿಸೆಂಬರ್ ತಿಂಗಳಲ್ಲೂ ಮಧ್ಯಾಹ್ನದ ಉಷ್ಣತೆ 32–33 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ, ಗಾಳಿಯಲ್ಲಿ ತೇವವೂ ಇರುತ್ತದೆ. ನಾಯಿ ಮೈಯಿಂದ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುವಾಗ ಬಾಯಿಯ ತೇವ ಆವಿಯಾಗುವುದರಿಂದಲೇ ಅದರ ದೇಹ ತಣಿಯಬೇಕು. ತೇವಭರಿತ ಗಾಳಿಯಲ್ಲಿ ಆ ಆವಿಯಾಗುವಿಕೆ ಕುಂಠಿತವಾಗುತ್ತದೆ. ಹೀಗಾಗಿ ಕರಾವಳಿಯಲ್ಲಿ ಬೆಳಕು ಹರಿದ ಕೂಡಲೇ ಹೊರಟು ಒಂಬತ್ತರೊಳಗೆ ಮರಳುವುದು ವಿವೇಕ. ಘಟ್ಟದ ಮೇಲೆ ಮಂಜು ಕರಗಿದ ಮೇಲೆ ಹೊರಟರೂ ನಡೆಯುತ್ತದೆ, ಆದರೆ ಸಂಜೆ ಆರರ ಸುಮಾರಿಗೆ ಹೊತ್ತು ಮುಳುಗುವುದರಿಂದ ಐದಕ್ಕೆಲ್ಲ ಕಾಡಂಚು ಬಿಟ್ಟಿರಬೇಕು. ಮುರಕಲ್ಲಿನ ಹಾಸು ಮತ್ತು ಡಾಂಬರು ಎಷ್ಟು ಕಾದಿದೆ ಎಂದು ತಿಳಿಯಲು ಅಂಗೈಯ ಹಿಂಬದಿಯನ್ನು ಐದಾರು ಸೆಕೆಂಡು ಒತ್ತಿ ಹಿಡಿಯಿರಿ. ನಿಮಗೆ ಸಹಿಸಲಾಗದಿದ್ದರೆ ನಾಯಿಯ ಅಂಗಾಲಿಗೂ ಆಗದು. ಸುಮ್ಮನೆ ಮನೆಯಲ್ಲಿದ್ದರೂ ನಾಯಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 50–60 ಮಿಲಿಲೀಟರ್ ನೀರು ಬೇಕು. 20 ಕಿಲೋ ನಾಯಿಯೊಡನೆ ಅರ್ಧ ದಿನ ನಡೆಯುವವರು ಅದೊಂದಕ್ಕೇ ಎರಡು ಲೀಟರ್ ನೀರು ಹೊರುವುದು ಅತಿಯಲ್ಲ. ತೇಕು ನಿಲ್ಲದೆ, ಒಸಡು ಕಡುಕೆಂಪಾಗಿ, ಜೊಲ್ಲು ಅಂಟಂಟಾಗಿ, ನಡಿಗೆ ತೂರಾಡಿದರೆ ಅದು ಬಿಸಿಲಾಘಾತ. ಕೂಡಲೇ ನೆರಳಿಗೆ ತಂದು ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸುತ್ತಾ ಪಶುವೈದ್ಯರ ಬಳಿಗೆ ಧಾವಿಸಬೇಕು. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಕರಾವಳಿಯ ಚಾರಣವೇ ಸಲ್ಲದು.

ಕಡಲತೀರದಲ್ಲಿ ಗಮನಿಸಬೇಕಾದ ಇನ್ನೆರಡು ಸಂಗತಿಗಳಿವೆ. ಚಳಿಗಾಲದ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಹೊನ್ನಾವರದ ಕಾಸರಕೋಡು ಮತ್ತು ಕಾರವಾರದ ತೀರಗಳಿಗೆ ಬಂದು ಮರಳಿನಲ್ಲಿ ಮೊಟ್ಟೆಯಿಡುತ್ತವೆ. ನಾಯಿಯ ಮೂಗಿಗೆ ಆ ಗೂಡು ಸಿಕ್ಕರೆ ಕ್ಷಣದಲ್ಲಿ ಬಗೆದುಹಾಕುತ್ತದೆ. ನೀರಿನಂಚಿನ ಒದ್ದೆ ಮರಳಿನ ಮೇಲೆಯೇ ನಡೆದು, ಮೇಲ್ಭಾಗದ ಒಣ ಮರಳು ಹಾಗೂ ಅರಣ್ಯ ಇಲಾಖೆ ಬೇಲಿ ಕಟ್ಟಿದ ಜಾಗಗಳನ್ನು ಬಿಟ್ಟುಬಿಡಿ. ಎರಡನೆಯದಾಗಿ, ಬಲೆಯಿಂದ ಬಿಸುಟ ಮೀನುಗಳಲ್ಲಿ ಚೆಂಡಿನಂತೆ ಊದಿಕೊಳ್ಳುವ ಪಫರ್ ಮೀನು ಇರಬಹುದು. ಅದು ಸತ್ತು ಒಣಗಿದ ಮೇಲೂ ಅದರ ವಿಷ ಹೋಗುವುದಿಲ್ಲ, ತಿಂದ ನಾಯಿಯನ್ನು ಕೊಲ್ಲಬಲ್ಲದು.

ಘಟ್ಟದ ಮೇಲಿನ ಬೇಣಗಳಲ್ಲಿ ಕರಡ ಒಣಗಿ ನಿಲ್ಲುವ ಕಾಲವೂ ಇದೇ. ಪ್ಯಾಂಟಿಗೆ ಚುಚ್ಚಿಕೊಂಡು ನಮ್ಮನ್ನು ಬರೀ ಕಿರಿಕಿರಿಗೊಳಿಸುವ ಊಬು, ನಾಯಿಯ ಕಿವಿಯೊಳಗೆ, ಬೆರಳುಗಳ ನಡುವೆ, ಮೂಗಿನಲ್ಲಿ ಹೊಕ್ಕರೆ ಹಿಮ್ಮುಖವಾಗಿ ಹೊರಬರಲಾರದು. ಅದರ ಮುಳ್ಳುಗೂದಲು ಮುಂದಕ್ಕೆ ಮಾತ್ರ ಸರಿಯುವಂತಿದ್ದು, ಚರ್ಮವನ್ನು ತೂರಿ ಮಾಂಸದೊಳಗೆ ಸಾಗಿ ಕೀವು ಕಟ್ಟಿಸುತ್ತದೆ. ಆಳೆತ್ತರದ ಒಣಹುಲ್ಲಿಗೆ ನಾಯಿಯನ್ನು ನುಗ್ಗಿಸದೆ ತುಳಿದ ದಾರಿಯಲ್ಲೇ ನಡೆಸಬೇಕು. ನಡಿಗೆಯ ನಂತರ ತಲೆಯನ್ನು ಒಂದೇ ಬದಿಗೆ ಓರೆ ಮಾಡಿ ಕೊಡವುತ್ತಿದ್ದರೆ, ಬಿಡದೆ ಸೀನುತ್ತಿದ್ದರೆ, ಒಂದೇ ಪಾದವನ್ನು ನೆಕ್ಕುತ್ತಿದ್ದರೆ ಊಬು ಹೊಕ್ಕಿದೆಯೆಂದೇ ಭಾವಿಸಿ. ಕಿವಿಯೊಳಗೆ ನೀವೇ ಚಿಮುಟ ಹಾಕಬೇಡಿ.

ಉಂಬಳದ ಕಾಟ ಈ ಹೊತ್ತಿಗೆ ಹಳ್ಳದ ದಂಡೆಗಳಿಗೆ ಮಾತ್ರ ಸೀಮಿತವಾಗಿರುತ್ತದೆ. ಕಚ್ಚಿದರೆ ಉಪ್ಪುನೀರು ಸಾಕು, ತಂಬಾಕು ಮತ್ತು ಸುಣ್ಣವನ್ನು ನಾಯಿಯ ಮೈಗೆ ಸೋಕಿಸಬಾರದು. ಉಣುಗಿನ ಕಾಟ ಆರಂಭವಾಗುವುದೇ ಈಗ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವ ಉಣುಗಿನ ಮರಿಗಳು ನವೆಂಬರ್ ಸುಮಾರಿಗೆ ತರಗೆಲೆಗಳ ನಡುವೆ ಚಟುವಟಿಕೆ ಆರಂಭಿಸಿ ಬೇಸಿಗೆಯವರೆಗೂ ಇರುತ್ತವೆ. ಸಿದ್ದಾಪುರ ತಾಲ್ಲೂಕಿನಲ್ಲಿ ಈಚಿನ ವರ್ಷಗಳಲ್ಲೂ ಕಾಯಿಲೆ ಕಾಣಿಸಿಕೊಂಡಿದೆ. ಗಸಗಸೆಯಷ್ಟು ಸಣ್ಣದಾದ ಆ ಮರಿಗಳು ನಾಯಿಯ ರೋಮದಲ್ಲಿ ಕುಳಿತು ನಿಮ್ಮ ಮಲಗುವ ಕೋಣೆಯವರೆಗೆ ಬರಬಲ್ಲವು. ಕಾಯಿಲೆಯ ಸುದ್ದಿಯಿರುವ ಊರಿನ ಕಾಡಿಗೆ ಆ ವರ್ಷ ಹೋಗಬೇಡಿ. ಸತ್ತ ಮಂಗ ಕಂಡರೆ ಅಲ್ಲಿಂದಲೇ ತಿರುಗಿ ಬಂದು ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ಮನುಷ್ಯರಿಗಾಗಿ ಇರುವಂಥದ್ದು. ನಾಯಿ ಮೈ ನೆಕ್ಕಿಕೊಳ್ಳುವುದರಿಂದ ಅದಕ್ಕೆ ಹಚ್ಚಬಾರದು. ನಾಯಿಗೆ ಪಶುವೈದ್ಯರು ಕೊಡುವ ಉಣುಗಿನ ಮಾತ್ರೆಗಳ ಪರಿಣಾಮ, ಔಷಧವನ್ನು ಅನುಸರಿಸಿ, ಒಂದು ತಿಂಗಳು ಅಥವಾ ಮೂರು ತಿಂಗಳು ಇರುತ್ತದೆ. ಆದರೆ ಉಣುಗು ಕಚ್ಚಿ ರಕ್ತ ಹೀರಿದ ಮೇಲಷ್ಟೇ ಅವು ಕೆಲಸ ಮಾಡುವುದರಿಂದ, ಮಾತ್ರೆ ಕೊಟ್ಟಿದ್ದರೂ ಮೈ ತಡಕುವುದು ತಪ್ಪದು.

ಬುತ್ತಿಯಲ್ಲಿ ನಾಯಿಗೆ ಅನ್ನ, ಬೇಯಿಸಿದ ಮೊಟ್ಟೆ ಇದ್ದರೆ ಸಾಕು. ದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ಬೇಡ. ಊರೊಳಗೆ ಹಾಯುವಾಗ ಅಂಗಳದಲ್ಲಿ ಒಣಗಿಸಿದ ಅಡಿಕೆಯಿಂದ ನಾಯಿಯನ್ನು ದೂರವಿಡಿ. ಅಡಿಕೆಯಲ್ಲಿರುವ ಅರೆಕೊಲಿನ್ ಹಿಂದೆ ನಾಯಿಗಳ ಲಾಡಿಹುಳುವಿಗೆ ಔಷಧವಾಗಿ ಬಳಕೆಯಲ್ಲಿತ್ತು. ಪ್ರಮಾಣ ಮೀರಿದರೆ ಜೊಲ್ಲು, ವಾಂತಿ, ಭೇದಿಯಿಂದ ನಾಯಿ ಕಂಗೆಡುತ್ತದೆ. ನೋವಿಗೆಂದು ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಯಾವುದೂ ಬೇಡ, ನಾಯಿಯನ್ನು ನಡೆಸದೆ ಹೊತ್ತುಕೊಂಡೇ ಬರಬೇಕು. ಚಿಕಿತ್ಸೆ ಸಿಗುವ ಪಶು ಆಸ್ಪತ್ರೆ ಎಲ್ಲಿದೆ, ಭಾನುವಾರ ತೆರೆದಿರುತ್ತದೆಯೇ ಎಂಬುದನ್ನು ಹೊರಡುವ ಹಿಂದಿನ ದಿನವೇ ವಿಚಾರಿಸಿಡಿ.

ಮನೆಗೆ ಬಂದ ಮೇಲೆ ನಾಯಿಯನ್ನು ಜಗಲಿಯಲ್ಲೇ ನಿಲ್ಲಿಸಿ, ಬಿಳಿ ಬಟ್ಟೆಯ ಮೇಲೆ ಬಾಚಣಿಗೆಯಿಂದ ಬಾಚಿ, ಕಿವಿಯ ಮಡಿಕೆ, ಕಂಕುಳು, ಬಾಲದ ಬುಡ, ಬೆರಳ ಸಂದುಗಳನ್ನು ಪರೀಕ್ಷಿಸಬೇಕು. ಕಚ್ಚಿಕೊಂಡ ಉಣುಗನ್ನು ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರವಾಗಿ ಎಳೆದು ಸ್ಪಿರಿಟ್‌ನಲ್ಲಿ ಹಾಕಿ. ಬೆರಳಿನಲ್ಲಿ ಹಿಸುಕಬೇಡಿ, ಬೆಂಕಿ ತಾಗಿಸಬೇಡಿ. ನಿಮ್ಮ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ ಸ್ನಾನ ಮಾಡಿ. ಆಮೇಲೆ ಮೂರು ವಾರ ನಾಯಿಯ ಮೇಲೆ ಕಣ್ಣಿಡಬೇಕು: ಊಟ ಬಿಟ್ಟು ಮಂಕಾದರೆ, ಒಸಡು ಬಿಳಿಚಿಕೊಂಡರೆ, ಮೂಗಿನಿಂದ ರಕ್ತ ಬಂದರೆ, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಅದು ಉಣುಗಿನ ಜ್ವರವಿರಬಹುದು. ಪಶುವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸುವಾಗ ಯಾವ ದಿನ, ಯಾವ ಕಾಡಿಗೆ ಹೋಗಿದ್ದಿರಿ ಎಂಬುದನ್ನೂ ಹೇಳಿ. ಅದೇ ಅವಧಿಯಲ್ಲಿ ನಿಮಗೇ ವಿಪರೀತ ಜ್ವರ, ತಲೆನೋವು, ಮೈಕೈನೋವು ಬಂದರೆ ವೈದ್ಯರೆದುರು ಮೊದಲು ತಿಳಿಸಬೇಕಾದದ್ದೂ ಅದೇ ವಿವರ.